ಬೂತಾಯಿಯ ಹೊಟ್ಟೆಯಲ್ಲಿ ಉತ್ತರಧ್ರುವ

ಮೊನ್ನೆ ಕೊಟ್ಟಾರ ಚೌಕಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಕ್ಕನಿಂದ ಬೂತಾಯಿ ತಗೊಂಡೆ. ಮನೆಗೆ ಬಂದು ಕ್ಲೀನ್ ಮಾಡುವಾಗ (ಹೌದು ಮಾರಾಯ್ರೆ, ನಮ್ಮಲ್ಲಿ ಆ ಕೆಲಸ ನನ್ನದೇ) ಹೊಟ್ಟೆಯಿಂದ ಹಸಿರು-ಕಂದು ಬಣ್ಣದ ಪೇಸ್ಟಿನ ಹಾಗಿದ್ದದ್ದು ಹೊರಗೆ ಬಂತು. ಇಷ್ಟು ವರ್ಷ ಅದನ್ನು ನಲ್ಲಿ ಕೆಳಗೆ ಹಿಡಿದು ತೊಳೆದು ಬಿಡುತ್ತಿದ್ದೆ. ಈ ಸಲ ಏನೋ ಕುತೂಹಲ... ಒಂದು ಚೂರು ಬಾಟಲಿಗೆ ಹಾಕಿ ಚಿಕ್ಕಪ್ಪನ ಮಗನ ಮನೆಗೆ ಹೋದೆ. ಅವನು ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು, ಮನೆಯಲ್ಲಿ ಒಂದು ಹಳೇ ಮೈಕ್ರೋಸ್ಕೋಪ್ ಉಂಟು.

ಕಣ್ಣಿಟ್ಟು ನೋಡಿದರೆ ಗಾಜಿನ ಚೂರುಗಳ ಲೋಕ. ಗುಂಡಗಿನವು, ದೋಣಿಯ ಆಕಾರದವು, ಮುರಿದವು. ನಡುವೆ ಸಣ್ಣ ಸಣ್ಣ ಕಡ್ಡಿಗಳನ್ನು ಪಕ್ಕಪಕ್ಕ ಅಂಟಿಸಿ ಮಾಡಿದ ರಿಬ್ಬನ್ನಿನ ತುಂಡುಗಳು. "ಇವೆಲ್ಲ ಡಯಾಟಮ್ ಅಣ್ಣ, ಒಂದೇ ಜೀವಕೋಶದ ಪಾಚಿ. ಡಬ್ಬಿ ಮತ್ತು ಮುಚ್ಚಳದ ಹಾಗೆ ಎರಡು ಸಿಲಿಕಾ ಚಿಪ್ಪು" ಅಂದ. ಆ ರಿಬ್ಬನ್ನಿನ ಹೆಸರೇನು ಕೇಳಿದೆ. ನಕ್ಕುಬಿಟ್ಟ. "ಅದು ದೊಡ್ಡ ಕಥೆ" ಅಂದ.

ಆ ಕಥೆಯ ಹಿಂದೆ ಬಿದ್ದು ಎರಡು ವಾರ ಕಳೆದೆ. ಸಿಕ್ಕಿದಷ್ಟು ನಿಮಗೂ ಹೇಳುತ್ತೇನೆ.

ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲ. ಬೂತಾಯಿ ಅಂದರೆ ಊಟ ಮಾತ್ರ ಅಲ್ಲ, ಎಣ್ಣೆ ಮತ್ತು ಗೊಬ್ಬರ ಕೂಡ. ಎಣ್ಣೆ ದೋಣಿಗೆ ಬಳಿಯಲು, ಗೊಬ್ಬರ ತೋಟಗಳಿಗೆ. ಆದರೆ ಈ ಮೀನಿನದ್ದು ಹುಚ್ಚು ಲೆಕ್ಕ. ಒಂದು ವರ್ಷ ದಡದಲ್ಲಿ ರಾಶಿ, ಇನ್ನೊಂದು ವರ್ಷ ಬಲೆ ಖಾಲಿ. ಯಾಕೆ ಹೀಗೆ? ಮದರಾಸಿನ ಮೀನುಗಾರಿಕಾ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯ್ಡು 1920ರ ದಶಕದಲ್ಲಿ ಬೂತಾಯಿಯ ಜೀವನಚರಿತ್ರೆ ಬರೆದರು, ಮಲಬಾರ್ ಕಡಲಿನಲ್ಲಿ ತೇಲುವ ಸೂಕ್ಷ್ಮಜೀವಿಗಳ ವಿವರವನ್ನೂ ಅದರ ಜೊತೆಗೇ ಸೇರಿಸಿ. 1940ರ ದಶಕದಲ್ಲಿ ಮೀನು ತೀರಾ ಕಡಿಮೆಯಾದಾಗ ಸರಕಾರ ಹೆದರಿ, 1943ರಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದಲ್ಲಿ ಬೂತಾಯಿ ಹಿಡಿಯುವುದಕ್ಕೇ ನಿರ್ಬಂಧ ಹಾಕಿತು. ಯಾರ್ಯಾರ ಮನೆಯಲ್ಲಿ ಒಲೆ ಉರಿಯಲಿಲ್ಲವೋ.

ಆಮೇಲೆ 1955ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಒಂದು ಪುಟ್ಟ ಲೇಖನ ಬರೆದರು. ಅದರ ಸಾರ ಇಷ್ಟೆ: ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಡಯಾಟಮ್ ಕಡಲಲ್ಲಿ ಹೆಚ್ಚಾದರೆ ಬೂತಾಯಿಯೂ ಹೆಚ್ಚು, ಇದನ್ನು ನೋಡಿ ಅದನ್ನು ಹೇಳಬಹುದು. ಸುಬ್ರಹ್ಮಣ್ಯನ್ ಸಾಮಾನ್ಯರಲ್ಲ. 1946ರಲ್ಲೇ ಮದರಾಸು ಕರಾವಳಿಯ ಡಯಾಟಮ್‌ಗಳ ವರ್ಗೀಕರಣವನ್ನು ಚಿತ್ರ ಸಮೇತ ಪ್ರಕಟಿಸಿದವರು. ಇವತ್ತಿಗೂ ನಮ್ಮ ಕಡೆ ಡಯಾಟಮ್ ಗುರುತಿಸುವವರು ಅದನ್ನು ಬಿಡಿಸಿ ನೋಡುತ್ತಾರೆ. 1960ರ ದಶಕದಲ್ಲಿ ಎ. ನೋಬಲ್ ಕಾರವಾರದಲ್ಲೂ ಬೂತಾಯಿಯ ಆಹಾರವನ್ನು ಪರೀಕ್ಷಿಸಿದರು (ಅಲ್ಲಿ ಅದಕ್ಕೆ ತಾರ್ಲಿ ಅನ್ನುತ್ತಾರೆ). ಮೀನಿನ ಹೊಟ್ಟೆ ಸೀಳುವುದರಲ್ಲಿ ನಾನು ಒಬ್ಬನೇ ಅಲ್ಲ ನೋಡಿ :)

ಈಗ ಅಸಲು ವಿಷಯ. ಫ್ರಾಜಿಲೇರಿಯಾ ಓಶಿಯಾನಿಕಾ ಅಂತ ಮೊದಲು ಹೆಸರಿಟ್ಟವರು ಸ್ವೀಡನ್ನಿನ ಪೆರ್ ತಿಯೋಡೋರ್ ಕ್ಲೇವ್, 1873ರಲ್ಲಿ. ಈ ಮನುಷ್ಯ ರಸಾಯನಶಾಸ್ತ್ರದವರು, 1879ರಲ್ಲಿ ಹೋಲ್ಮಿಯಮ್, ಥೂಲಿಯಮ್ ಎಂಬ ಧಾತುಗಳನ್ನು ಕಂಡುಹಿಡಿದವರು. ಡಯಾಟಮ್ ಅವರ ಇನ್ನೊಂದು ಗೀಳು. ಅವರು ಇದನ್ನು ವರ್ಣಿಸಿದ್ದು ಎಲ್ಲಿಯದ್ದು ಅಂತ? ಆರ್ಕ್ಟಿಕ್ ಸಮುದ್ರದ್ದು! ಮಂಜುಗಡ್ಡೆಯ ನೀರಿನ ಪಾಚಿ ಪಣಂಬೂರಿನ ಕಡಲಿಗೆ ಹೇಗೆ ಬಂತು?

ಹೆಸರಿನ ಗೋಳು ಅಲ್ಲಿಗೇ ಮುಗಿಯಲಿಲ್ಲ. ನಾರ್ವೆಯ ಗ್ರೇಟೆ ಹಾಸ್ಲೆ ಎಂಬ ವಿಜ್ಞಾನಿ ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಫ್ರಾಜಿಲೇರಿಯಾ ಕುಲದವುಗಳ ಚಿಪ್ಪಿನಲ್ಲಿ 'ರೇಫೆ' ಎಂಬ ಉದ್ದದ ಸೀಳು ಇರುವುದಿಲ್ಲ. ಇದರಲ್ಲಿ ಉಂಟು! ಅಂಚಿನಲ್ಲಿ ಅಡಗಿರುವುದರಿಂದ ಸಾದಾ ಮೈಕ್ರೋಸ್ಕೋಪಿಗೆ ಸಿಗುವುದು ಕಷ್ಟ. ಹಾಗಾಗಿ 1965ರಲ್ಲಿ ಅವರು ಇದನ್ನು ಫ್ರಾಜಿಲೇರಿಯಾಪ್ಸಿಸ್ ಕುಲಕ್ಕೆ ಸೇರಿಸಿದರು. 1972ರಲ್ಲಿ ಆ ಇಡೀ ಕುಲವನ್ನೇ ನಿಟ್ಜ್‌ಷಿಯಾದೊಳಗೆ ಹಾಕಿ ನಿಟ್ಜ್‌ಷಿಯಾ ಗ್ರುನೋವಿ ಅಂದರು. 1993ರಲ್ಲಿ ಸ್ವತಃ ತಾವೇ ಅದನ್ನು ವಾಪಸ್ ಫ್ರಾಜಿಲೇರಿಯಾಪ್ಸಿಸ್‌ಗೆ ತಂದರು. ತಮ್ಮ ತೀರ್ಮಾನವನ್ನು ತಾವೇ ತಿದ್ದಿಕೊಂಡರಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಇವತ್ತು ಪುಸ್ತಕಗಳು ಫ್ರಾಜಿಲೇರಿಯಾಪ್ಸಿಸ್ ಓಶಿಯಾನಿಕಾ ಉತ್ತರದ ತಣ್ಣೀರಿನ ಪ್ರಭೇದ ಎಂದೇ ಬರೆಯುತ್ತವೆ.

ಮಳೆಗಾಲದಲ್ಲಿ ನಮ್ಮ ಕಡಲ ತಳದ ತಂಪು ನೀರು ಮೇಲೆ ಬರುತ್ತದೆ, ಜೊತೆಗೆ ಪೋಷಕಾಂಶವೂ. ಡಯಾಟಮ್ ಹುಲುಸಾಗಿ ಬೆಳೆಯುವುದು ಆಗಲೇ. ಆದರೆ ಎಷ್ಟು ತಂಪಾದರೂ ಅರಬ್ಬೀ ಸಮುದ್ರ ಆರ್ಕ್ಟಿಕ್ ಆಗುವುದಿಲ್ಲವಲ್ಲ. ಅದೇ ಕುಲದಲ್ಲಿ ಬೆಚ್ಚಗಿನ ಸಮುದ್ರದವೂ ಇವೆ, ಡೋಲಿಯೋಲಸ್ ಎಂಬುದು ಒಂದು. ರಿಬ್ಬನ್ ಕಟ್ಟುವ ಬೇರೆ ಕುಲಗಳೂ ಇವೆ. ಪಕ್ಕದಿಂದ ನೋಡಿದರೆ ಎಲ್ಲವೂ ಒಂದೇ ಥರ. 1955ರ ಲೇಖಕರು ಕಂಡ ರಿಬ್ಬನ್ ನಿಜ, ಬೂತಾಯಿ ಅದನ್ನು ತಿಂದದ್ದೂ ನಿಜ, ಹೆಸರು ಮಾತ್ರ ಬೇರೆ ಯಾರದ್ದೋ ಅಂತ ನನ್ನ ಬಲವಾದ ಅನುಮಾನ. ಅವರನ್ನು ದೂರುವ ಹಾಗಿಲ್ಲ, ಹಾಸ್ಲೆಯವರಿಗೆ ಸಿಕ್ಕಿದ ಯಂತ್ರ ಅವರ ಕೈಯಲ್ಲಿ ಇರಲಿಲ್ಲ. ಆದರೆ ಆ ಹೆಸರು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋದದ್ದು ನನಗೆ ಸರಿ ಕಾಣುವುದಿಲ್ಲ.

ಹೆಸರಲ್ಲೇನಿದೆ ಅನ್ನಬೇಡಿ. 2012ರಲ್ಲಿ ಕೇರಳದಲ್ಲಿ ಸಿಕ್ಕಿದ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ 4 ಸಾವಿರ ಟನ್ನೂ ಇಲ್ಲ. ಇಂಥ ಕುಸಿತಕ್ಕೆ ಕಡಲಿನ ಮೇವು ಎಷ್ಟು ಕಾರಣ ಅಂತ ಲೆಕ್ಕ ಹಾಕಲು ಹೋದರೆ ಮೊದಲು ಮೇವು ಯಾವುದು ಅಂತ ಗೊತ್ತಿರಬೇಕು. ತಣ್ಣೀರಿನ ಪ್ರಭೇದ ಅಂದುಕೊಂಡರೆ ನೀರು ಬಿಸಿಯಾದಾಗ ಅದು ಹೋಯಿತು ಅಂತ ಬರೆಯುತ್ತೇವೆ. ಬೆಚ್ಚಗಿನ ನೀರಿನದ್ದಾದರೆ ಆ ವಾದವೇ ನಿಲ್ಲುವುದಿಲ್ಲ.

"ಹಾಗಾದ್ರೆ ನನ್ನ ಬಾಟಲಿಯಲ್ಲಿ ಇದ್ದದ್ದು ಎಂಥದ್ದು?" ಅಂತ ತಮ್ಮನಿಗೆ ಫೋನ್ ಮಾಡಿ ಕೇಳಿದೆ. ಆಸಿಡ್‌ನಲ್ಲಿ ಕುದಿಸಿ ಚಿಪ್ಪು ಚೊಕ್ಕ ಮಾಡಬೇಕು, 10 ಮೈಕ್ರಾನಿನಲ್ಲಿ ಎಷ್ಟು ಗೆರೆ ಅಂತ ಎಣಿಸಬೇಕು, ಮತ್ತೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವಲ್ಲಿಗೆ ಕಳಿಸಬೇಕು, ಅಲ್ಲಿಯವರೆಗೆ ಕುಲದ ಹೆಸರನ್ನೂ ಹೇಳುವುದಿಲ್ಲ ಅಂದ. ಬಾಟಲಿ ಅವನ ಕಪಾಟಿನಲ್ಲೇ ಉಂಟು. ಬೂತಾಯಿ ಅವತ್ತೇ ರಾತ್ರಿ ಪುಳಿಮುಂಚಿ ಆಯಿತು.