ಪ್ರತಿವಾದಿಯಾದ ಬ್ಯಾರಿಸ್ಟರ್

ನಮ್ಮ ಮಹದೇವಪುರದ ಕೇರಿಗಳಲ್ಲಿ ಬಾಬಾಸಾಹೇಬರ ಪಟಕ್ಕೆ ಬರವಿಲ್ಲ. ನೀಲಿ ಕೋಟು, ಕೈಯಲ್ಲಿ ಸಂವಿಧಾನ. ಆದರೆ ಒಂದು ಕೆರೆಯ ನೀರಿಗಾಗಿ ಆ ಕೋಟಿನ ಮನುಷ್ಯ ಹತ್ತು ವರ್ಷ ಕೋರ್ಟಲ್ಲಿ ಕಾದದ್ದನ್ನ ನಾವು ಮಾತಾಡೋದು ಕಮ್ಮಿ.

1922ರಲ್ಲಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದವರು, 1923ರಲ್ಲಿ ಮುಂಬಯಿಗೆ ಬಂದರು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ ಠರಾವು ಮಾಡಿದ್ದು ಅದೇ ವರ್ಷ. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಚೌದಾರ್ ಕೆರೆ ತೆರೆದಿದೆ ಅಂತ ಬರೆದುಕೊಂಡಿತು. ಕಾಗದದ ನೀರು ಬೊಗಸೆಗೆ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ನಮ್ಮವರಿಗೆ ಏಟು ಬಿತ್ತು. ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು!

ಡಿಸೆಂಬರಿನಲ್ಲಿ ಮೇಲ್ಜಾತಿಯವರೇ ದಾವೆ ಹೂಡಿದರು. ಕೆರೆ ನಮ್ಮದು, ಇವರನ್ನು ಹೊರಗಿಡೋದು ಅನಾದಿಯಿಂದ ಬಂದ ರೂಢಿ ಅಂತ ಅವರ ವಾದ. ಬ್ಯಾರಿಸ್ಟರೇ ಪ್ರತಿವಾದಿ. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಸತ್ಯಾಗ್ರಹಕ್ಕೆ ಸೇರಿದ್ದ ಜನರನ್ನು ಬಾಬಾಸಾಹೇಬರು ತಡೆದರು. ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಒಂದು ಕಾನೂನನ್ನು ಬೆಂಕಿಗೆ ಹಾಕಿ, ಇನ್ನೊಂದರ ಮುಂದೆ ವಾದಕ್ಕೆ ನಿಂತರು.

1931ರಲ್ಲಿ ಮಹಾಡ್ ಕೋರ್ಟು, 1933ರಲ್ಲಿ ಠಾಣೆ ಕೋರ್ಟು, 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು. ಮೂರೂ ಕಡೆ ಗೆಲುವು. ಬೆಳಗಾವಿ, ಧಾರವಾಡ, ವಿಜಾಪುರಗಳೂ ಆಗ ಅದೇ ಹೈಕೋರ್ಟಿನ ಕೆಳಗೆ ಇದ್ದವು.

ಆದರೆ ಆ ತೀರ್ಪನ್ನ ಬಿಡಿಸಿ ನೋಡಬೇಕು. ಕೆರೆ ಪುರಸಭೆಯದು, ರೂಢಿ ಅನಾದಿಯದು ಅನ್ನೋದಕ್ಕೆ ಸಾಕ್ಷಿ ಸಾಲದು ಅಂತಷ್ಟೇ ಹೈಕೋರ್ಟು ಹೇಳಿತು. ಅಸ್ಪೃಶ್ಯತೆ ತಪ್ಪು ಅನ್ನಲಿಲ್ಲ. ಸಾಕ್ಷಿ ಸಿಕ್ಕಿದ್ದರೆ? ದಾವೆ ಗೆದ್ದರೆ ಸಾಲದು, ಕಾನೂನೇ ಬದಲಾಗಬೇಕಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರು ಹಿಡಿದೇ ಹೇಳಿತು. ದೊಡ್ಡ ದೇಶದ ದೊಡ್ಡ ಪುಸ್ತಕದಲ್ಲಿ ಊರಿನ ಬಾವಿ ಯಾಕೆ ಬಂತು ಅಂತ ಮಕ್ಕಳು ಕೇಳಿದರೆ, ಮೇಷ್ಟ್ರೇ, ಮಹಾಡದ ಕತೆ ಹೇಳಿ.

ಇದು ನಮ್ಮೊಬ್ಬರ ಜಗಳವೂ ಅಲ್ಲ. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಕೊಟ್ಟರೆಂದು ತಿಳಿದು, 1946ರಲ್ಲಿ ಬಾಬಾಸಾಹೇಬರು ಡು ಬಾಯ್ಸ್‌ಗೆ ಕಾಗದ ಬರೆದು ಅದರ ಪ್ರತಿ ಕೇಳಿದ್ದರು. ಬಣ್ಣದಿಂದ ತುಳಿದರೂ ಜಾತಿಯಿಂದ ತುಳಿದರೂ ಕಾಲಡಿ ಇರೋನ ಉಸಿರು ಒಂದೇ.

ಮಹದೇವಪುರ 2008ರಿಂದ ಮೀಸಲು ಕ್ಷೇತ್ರ. ಸುತ್ತ ಸಾಫ್ಟ್‌ವೇರಿನ ಗಾಜಿನ ಕಟ್ಟಡಗಳು. ವರ್ತೂರು, ಬೆಳ್ಳಂದೂರು ಕೆರೆಗಳು ಕೊಳಚೆ ಕುಡಿದು ನೊರೆ ಕಾರಿದವು. ಗುಂಡಿ ಕಟ್ಟಿಕೊಂಡರೆ ಇವತ್ತಿಗೂ ಹುಡುಕೋದು ನಮ್ಮ ಕೇರಿಯನ್ನೇ. ಮಲಗುಂಡಿಗೆ ಮನುಷ್ಯರನ್ನು ಇಳಿಸೋದು 2013ರ ಕಾಯಿದೆ ಪ್ರಕಾರ ಅಪರಾಧ. ಅವತ್ತು ಕೆರೆಗೆ ಇಳಿಯಬೇಡ ಅಂದ ಜಾತಿಯೇ ಇವತ್ತು ಗುಂಡಿಗೆ ಇಳಿ ಅನ್ನುತ್ತದೆ. ಅದೂ ಒಂದು ರೂಢಿ ಅಲ್ವಾ?

ಹೆಬ್ಬೆಟ್ಟು ಒತ್ತಿದವರ ಮಕ್ಕಳು ನಾವು, ಈಗ ಓದಬಲ್ಲೆವು. ಆ ಕಾಯಿದೆಯನ್ನ ಕೇರಿ ಕೇರಿಯಲ್ಲಿ ಗಟ್ಟಿಯಾಗಿ ಓದೋಣ. ಇಳಿ ಅಂದವನ ಮೇಲೆ ದೂರು ಬರೆಯೋಣ. ಹತ್ತು ವರ್ಷ ಹಿಡಿದರೂ ಹಿಡೀಲಿ.