ಬಂದೂಕಿನಿಂದ ಜೇಬಿನ ದುರ್ಬೀನಿನವರೆಗೆ

ಅಂಗಡಿಯಲ್ಲಿ ಒಂದು ಪುಟ್ಟ ದುರ್ಬೀನನ್ನು ಕೈಗೆತ್ತಿಕೊಳ್ಳಿ. ಅದರ ಮೇಲೆ 8×20 ಎಂದೋ 10×25 ಎಂದೋ ಅಚ್ಚಾಗಿರುತ್ತದೆ. ಮೊದಲನೆಯ ಸಂಖ್ಯೆ ವರ್ಧನೆ. ಎರಡನೆಯದು ಮುಂಭಾಗದ ಮಸೂರದ, ಅಂದರೆ ವಸ್ತುಕದ ವ್ಯಾಸ, ಅದು ಮಿ.ಮೀ.ಗಳಲ್ಲಿರುತ್ತದೆ. ಪಕ್ಷಿವೀಕ್ಷಣೆಗೆಂದು ಶಾಲೆಗೆ ಒಂದು ದುರ್ಬೀನು ಕೊಳ್ಳಲು ಹೊರಟ ಶಿಕ್ಷಕರನ್ನು ಕಾಡುವ ಪ್ರಶ್ನೆಯೆಂದರೆ, ಜೇಬಿನಲ್ಲಿ ಹಿಡಿಸುವ ಇಂಥದ್ದು ಸಾಕೇ ಅಥವಾ ಕುತ್ತಿಗೆಗೆ ಭಾರವಾಗುವ ದೊಡ್ಡದೇ ಬೇಕೇ ಎಂಬುದು. ಈ ಉಪಕರಣ ಬೆಳೆದು ಬಂದ ದಾರಿ ತಿಳಿದರೆ ಉತ್ತರ ಸುಲಭವಾಗುತ್ತದೆ.

1608ರಲ್ಲಿ ನೆದರ್ಲೆಂಡ್ಸಿನ ಮಿಡಲ್‌ಬರ್ಗ್ ಪಟ್ಟಣದ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಶೇ, ದೂರದ ವಸ್ತುಗಳನ್ನು ಹತ್ತಿರಕ್ಕೆ ತರುವ ತನ್ನ ಕೊಳವೆಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. ಅಧಿಕಾರಿಗಳು, ಎರಡೂ ಕಣ್ಣುಗಳಿಂದ ನೋಡುವಂಥದ್ದನ್ನು ಮಾಡಿಕೊಡು ಎಂದರು. ಅವನು ಮಾಡಿಕೊಟ್ಟ. ಹಣ ಸಿಕ್ಕಿತು, ಪೇಟೆಂಟ್ ಸಿಗಲಿಲ್ಲ; ಆ ಉಪಾಯ ಆಗಲೇ ಬೇರೆಯವರಿಗೂ ತಿಳಿದಿತ್ತು. ಅಂದರೆ ಎರಡು ಕಣ್ಣಿನ ದುರ್ಬೀನಿಗೂ ದೂರದರ್ಶಕಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು!

ಆ ಕಾಲದ ಕೊಳವೆಗಳಲ್ಲಿ ಮುಂದೆ ಪೀನ ಮಸೂರ, ಕಣ್ಣಿನ ಬಳಿ ನಿಮ್ನ ಮಸೂರ. ಪ್ರತಿಬಿಂಬ ನೇರವಾಗಿಯೇ ಇರುತ್ತದೆ. ಆದರೆ ವರ್ಧನೆ ಹೆಚ್ಚಿಸಿದಂತೆ ಕಾಣುವ ಪ್ರದೇಶ ಕೀಲಿರಂಧ್ರದಷ್ಟು ಕಿರಿದಾಗುತ್ತದೆ. ಹೀಗಾಗಿ 19ನೇ ಶತಮಾನದಲ್ಲಿ ವಿಯೆನ್ನಾ, ಪ್ಯಾರಿಸ್‌ಗಳಲ್ಲಿ ನಾಟಕ ನೋಡುವವರಿಗಾಗಿ ತಯಾರಾದ 'ಆಪೆರಾ ಗ್ಲಾಸ್'ಗಳ ವರ್ಧನೆ ಮೂರು ನಾಲ್ಕರ ಆಸುಪಾಸಿನಲ್ಲೇ ನಿಂತಿತು. ಆದರೆ ಅವು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು.

ಆಗ ಪಕ್ಷಿಶಾಸ್ತ್ರಜ್ಞರ ಸಾಧನ ಯಾವುದಾಗಿತ್ತು ಗೊತ್ತೆ? ಬಂದೂಕು. ಹಕ್ಕಿಯನ್ನು ಗುರುತಿಸಬೇಕಾದರೆ ಅದು ಕೈಯಲ್ಲಿರಬೇಕು, ರೆಕ್ಕೆ ಕೊಕ್ಕುಗಳನ್ನು ಅಳೆಯಬೇಕು ಎಂಬುದು ಅಂದಿನ ಕ್ರಮ. ಅಮೆರಿಕದ ಎಲಿಯಟ್ ಕೌಸ್ 1874ರಲ್ಲಿ ಬರೆದ ಕ್ಷೇತ್ರ ಕೈಪಿಡಿಯಲ್ಲಿ ಜೋಡಿ ನಳಿಕೆಯ ಕೋವಿಗೇ ಮೊದಲ ಸ್ಥಾನ. ಭಾರತದಲ್ಲಿ ಎ.ಓ. ಹ್ಯೂಮ್ ಸಂಗ್ರಹಿಸಿ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಹಕ್ಕಿಚರ್ಮಗಳ ಸಂಖ್ಯೆ 60 ಸಾವಿರವನ್ನು ಮೀರಿತ್ತು. ಆ ಸಂಗ್ರಹಗಳಿಂದ ವಿಜ್ಞಾನಕ್ಕೆ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸತ್ತ ಹಕ್ಕಿ ಗೂಡು ಕಟ್ಟುವುದಿಲ್ಲ, ಮರಿಗೆ ಗುಟುಕು ಕೊಡುವುದೂ ಇಲ್ಲ.

1889ರಲ್ಲಿ ಅಮೆರಿಕದ ಫ್ಲಾರೆನ್ಸ್ ಮೆರಿಯಮ್ ಎಂಬ ಯುವತಿ 'ಬರ್ಡ್ಸ್ ಥ್ರೂ ಆ್ಯನ್ ಆಪೆರಾ ಗ್ಲಾಸ್' ಎಂಬ ಪುಸ್ತಕ ಪ್ರಕಟಿಸಿದಳು. ನಾಟಕಶಾಲೆಯ ಆಟಿಕೆಯಂಥ ದುರ್ಬೀನು ಹಿಡಿದು, ಸದ್ದಿಲ್ಲದೆ ಕುಳಿತು, ಜೀವಂತ ಹಕ್ಕಿಯನ್ನು ಗುರುತಿಸುವುದು ಹೇಗೆಂದು ಅದರಲ್ಲಿ ತೋರಿಸಿದಳು. ಗಮನಿಸಿ, ಪಕ್ಷಿವೀಕ್ಷಣೆ ಎಂಬ ಹವ್ಯಾಸ ಬೆಳೆಯತೊಡಗಿದ್ದೇ ಜೇಬಿನ ದುರ್ಬೀನಿನಿಂದ, ಅದೂ ಅಷ್ಟು ಕಡಿಮೆ ವರ್ಧನೆಯಿಂದ. 12, 16 ಎಂಬ ಸಂಖ್ಯೆಗಳಿಗೆ ಮರುಳಾಗುವವರು ಇದನ್ನು ನೆನಪಿಡಬೇಕು.

ವರ್ಧನೆಯೂ ಬೇಕು, ವಿಶಾಲ ನೋಟವೂ ಬೇಕು ಎಂದರೆ ಎರಡೂ ಕಡೆ ಪೀನ ಮಸೂರವಿರಬೇಕೆಂದು ಕೆಪ್ಲರ್ 1611ರಲ್ಲೇ ಹೇಳಿದ್ದ. ತೊಡಕೆಂದರೆ ಪ್ರತಿಬಿಂಬ ತಲೆಕೆಳಗು. ನಕ್ಷತ್ರಕ್ಕಾದರೆ ಚಿಂತೆಯಿಲ್ಲ, ಗುಬ್ಬಚ್ಚಿಗೆ ಆಗದು. ಇಟಲಿಯ ಸೇನಾಧಿಕಾರಿ ಇಗ್ನಾಜಿಯೊ ಪೊರ್ರೊ 1854ರಲ್ಲಿ ಇದಕ್ಕೆ ಪರಿಹಾರ ಕಂಡ. ಬೆಳಕನ್ನು ಎರಡು ಲಂಬಕೋನ ಪ್ರಿಸಮ್‌ಗಳೊಳಗೆ ಹಾಯಿಸಿದರೆ ನಾಲ್ಕು ಬಾರಿ ಸಂಪೂರ್ಣ ಆಂತರಿಕ ಪ್ರತಿಫಲನವಾಗುತ್ತದೆ. ಒಂದು ಪ್ರಿಸಮ್ ಮೇಲುಕೆಳಗನ್ನೂ ಇನ್ನೊಂದು ಎಡಬಲವನ್ನೂ ಸರಿಪಡಿಸುತ್ತದೆ. ಬೆಳಕಿನ ದಾರಿ ಮಡಿಸಿದಂತಾಗಿ ಕೊಳವೆಯೂ ಗಿಡ್ಡವಾಗುತ್ತದೆ.

ಉಪಾಯ ಚೆನ್ನಾಗಿತ್ತು, ಗಾಜು ಚೆನ್ನಾಗಿರಲಿಲ್ಲ. ಅಷ್ಟು ದಪ್ಪ ಗಾಜಿನೊಳಗೆ ಗುಳ್ಳೆ, ಗೆರೆಗಳಿದ್ದರೆ ಬಿಂಬ ಕದಡಿಹೋಗುತ್ತದೆ. ಆಟೊ ಶಾಟ್ 1884ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಗಾಜಿನ ಕಾರ್ಖಾನೆ ತೆರೆದ ಮೇಲೆ ಈ ಕೊರತೆ ನೀಗಿತು. ಜೈಸ್ ಕಂಪನಿಯ ಅರ್ನ್ಸ್ಟ್ ಅಬೆ 1893ರಲ್ಲಿ ಪ್ರಿಸಮ್ ದುರ್ಬೀನಿಗೆ ಪೇಟೆಂಟ್ ಕೇಳಿದಾಗ, ಪ್ರಿಸಮ್ ಜೋಡಣೆ ಪೊರ್ರೊನದೆಂದು ತೀರ್ಮಾನವಾಯಿತು. ವಸ್ತುಕಗಳನ್ನು ಕಣ್ಣುಗಳಿಗಿಂತ ಹೆಚ್ಚು ಅಂತರದಲ್ಲಿಟ್ಟು ಆಳದ ಅರಿವನ್ನು ಹೆಚ್ಚಿಸಿದ್ದಕ್ಕೆ ಮಾತ್ರ ಪೇಟೆಂಟ್ ದೊರೆಯಿತು. 1894ರಲ್ಲಿ 4, 6 ಮತ್ತು 8 ವರ್ಧನೆಯ ದುರ್ಬೀನುಗಳು ಮಾರಾಟಕ್ಕೆ ಬಂದವು. ಜಪಾನಿನ ನಿಪ್ಪಾನ್ ಕೊಗಾಕು, ಅಂದರೆ ಇಂದಿನ ನಿಕಾನ್, 1921ರಲ್ಲಿ 'ಮಿಕ್ರಾನ್' ಎಂಬ ಅತಿ ಪುಟ್ಟ ಪ್ರಿಸಮ್ ದುರ್ಬೀನನ್ನು ಹೊರತಂದಿತು.

ಮಡಚಿ ಜೇಬಿಗಿಡುವ ಇಂದಿನ ನೇರ ಕೊಳವೆಯ ಮಾದರಿಗಳಲ್ಲಿರುವುದು ಬೇರೆ ಬಗೆಯ 'ರೂಫ್' ಪ್ರಿಸಮ್. ಹೆಂಚಿನ ಮಾಡಿನಂತೆ ಇದರ ಎರಡು ಮುಖಗಳು ಲಂಬಕೋನದಲ್ಲಿ ಕೂಡುತ್ತವೆ. ಜರ್ಮನಿಯ ಹೆನ್ಸೋಲ್ಟ್ ಕಂಪನಿ ಇಂಥ ದುರ್ಬೀನನ್ನು 1905ರಲ್ಲೇ ತಂದಿತ್ತು. ಆದರೆ ಆ ಕೋನ ಕೆಲವೇ ವಿಕಲೆಗಳಷ್ಟು ತಪ್ಪಿದರೂ ಬಿಂಬ ಎರಡಾಗುತ್ತದೆ. ಸರಿಯಾಗಿದ್ದರೂ, ಮಾಡಿನ ಎರಡು ಇಳಿಜಾರುಗಳಲ್ಲಿ ಸಾಗಿದ ಬೆಳಕಿನ ಅಲೆಗಳ ಪ್ರಾವಸ್ಥೆ ಬೇರೆಬೇರೆಯಾಗಿ, ಮತ್ತೆ ಕೂಡಿದಾಗ ವಿವರಗಳು ಮಸುಕಾಗುತ್ತವೆ. ಇದನ್ನು ಸರಿದೂಗಿಸುವ ಲೇಪನವನ್ನು ಜೈಸ್ 1988ರಲ್ಲಿ ಬಳಕೆಗೆ ತಂದಿತು. ಅದಕ್ಕೂ ಮೊದಲು, 1935ರಲ್ಲಿ, ಅದೇ ಕಂಪನಿಯ ಸ್ಮಾಕುಲಾ ಪ್ರತಿಫಲನ ತಡೆಯುವ ಲೇಪನವನ್ನು ರೂಪಿಸಿದ್ದ. ಅದರ ಬೆಲೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ಲೇಪನವಿಲ್ಲದ ಪ್ರತಿ ಗಾಜಿನ ಮೇಲ್ಮೈ ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಭಾಗ ಖೋತಾ!

ಅತ್ತ ಬಂದೂಕಿನ ಕಾಲ ಮುಗಿಯುತ್ತಿತ್ತು. 1934ರಲ್ಲಿ ರೋಜರ್ ಟೋರಿ ಪೀಟರ್ಸನ್ ಪ್ರಕಟಿಸಿದ ಕೈಪಿಡಿಯಲ್ಲಿ, ದೂರದಿಂದ ಕಾಣುವ ಗುರುತುಗಳನ್ನೇ ಗೆರೆಯೆಳೆದು ತೋರಿಸಲಾಗಿತ್ತು. ನಮ್ಮ ಸಲೀಂ ಅಲಿಯವರ ಬದುಕಿನಲ್ಲಿ ಎರಡು ಕಾಲಗಳೂ ಬೆರೆತಿವೆ. 1930ರಲ್ಲಿ ಮುಂಬಯಿ ಬಳಿಯ ಕಿಹೀಮ್‌ನಲ್ಲಿ ಗೀಜಗಗಳ ಸಂಸಾರವನ್ನು ಅವರು ಬರಿದೇ ನೋಡಿ ಅರಿತರು. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯಲ್ಲಾದರೋ ಮಾದರಿ ಸಂಗ್ರಹಕ್ಕೆ ಬಂದೂಕೂ ಇತ್ತು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಇದೇ ಸಲೀಂ ಅಲಿಯವರ ಸಲಹೆಯಿಂದ.

ಈಗ ಮೊದಲ ಪ್ರಶ್ನೆಗೆ ಬನ್ನಿ. ದುರ್ಬೀನನ್ನು ತೋಳಿನಷ್ಟು ದೂರ ಹಿಡಿದು ಬೆಳಗಿದ ಆಕಾಶದತ್ತ ತಿರುಗಿಸಿ (ಸೂರ್ಯನತ್ತ ಎಂದಿಗೂ ಬೇಡ). ನೇತ್ರಕದಲ್ಲಿ ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಅದರ ವ್ಯಾಸ, ವಸ್ತುಕದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಷ್ಟು. 8×20ರಲ್ಲಿ 2.5 ಮಿ.ಮೀ., 8×40ರಲ್ಲಿ 5 ಮಿ.ಮೀ. ಒಳ್ಳೆಯ ಬಿಸಿಲಿನಲ್ಲಿ ನಿಮ್ಮ ಕಣ್ಣಿನ ಪಾಪೆಯೇ 2ರಿಂದ 3 ಮಿ.ಮೀ. ಇರುವುದರಿಂದ, ದೊಡ್ಡ ದುರ್ಬೀನಿನ ಹೆಚ್ಚುವರಿ ಬೆಳಕು ಕಣ್ಣೊಳಗೆ ಹೋಗುವುದೇ ಇಲ್ಲ. ರಂಗನತಿಟ್ಟಿನ ಬಯಲು ನೀರಿನ ಮೇಲೆ ಬೆಳ್ಳಕ್ಕಿ, ಕೊಕ್ಕರೆಗಳನ್ನು ನೋಡಲು ಚಿಕ್ಕದು ಧಾರಾಳವಾಗಿ ಸಾಕು. ಮಲೆನಾಡಿನ ಕಾಡಿನ ನಸುಗತ್ತಲೆಯಲ್ಲಿ ಪಾಪೆ 5 ಮಿ.ಮೀ.ಗೆ ಹಿಗ್ಗಿದಾಗ ಕಥೆಯೇ ಬೇರೆ. ಆಗ ದೊಡ್ಡದು ನಾಲ್ಕು ಪಟ್ಟು ಬೆಳಕು ಕೊಡುತ್ತದೆ. ಹಕ್ಕಿಗಳು ಚುರುಕಾಗಿರುವುದು ಮುಂಜಾನೆ ಎಂಬುದನ್ನೂ ಮರೆಯಬಾರದು.

ಹಾಗಾಗಿ ಶಾಲೆಗೆ ಒಂದೇ ಕೊಳ್ಳುವುದಾದರೆ 8×30 ಅಥವಾ 8×32 ಎಂಬ ನಡುದಾರಿ ವಾಸಿ ಎನ್ನುತ್ತೇನೆ. ನಿಮ್ಮ ಸ್ವಂತಕ್ಕೆ, ಬಸ್ಸಿನಲ್ಲೂ ಸಂತೆಯಲ್ಲೂ ಜೊತೆಗಿರಲೆಂದಾದರೆ 8×20 ಅಥವಾ 8×25 ಇರಲಿ. ಹಗುರವಾದ ಉಪಕರಣದಲ್ಲಿ ಕೈನಡುಕ ಹೆಚ್ಚು ಕಾಣುವುದರಿಂದ 10 ವರ್ಧನೆಯದು ಬೇಡ. ಕನ್ನಡಕ ಹಾಕುವವರು, ಕನ್ನಡಕ ತೆಗೆಯದೆಯೇ ಇಡೀ ವೃತ್ತ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಎಷ್ಟೋ ಪುಟ್ಟ ದುರ್ಬೀನುಗಳು ಸೋಲುವುದು ಅಲ್ಲಿಯೇ.