ಸದಕದ ಕಾಳು: ಒಂದು ಹಳೆಯ ಗೋಧಿಯ ಚರಿತ್ರೆ



ಘೋಣಸಗಿಯ ನಮ್ಮ ಮನೆಯಲ್ಲಿ ಹಬ್ಬ ಹತ್ತಿರ ಬಂತೆಂದರೆ ಅವ್ವ ಒರಳಿನಲ್ಲಿ ಸದಕ ಕುಟ್ಟುವ ಸಪ್ಪಳ ಕೇಳುತ್ತಿತ್ತು. ಜವೆಗೋಧಿ, ಕಪ್ಲಿ ಎಂದೂ ಕರೆಯುವ ಈ ಗೋಧಿ ಒಕ್ಕಿದ ಮಾತ್ರಕ್ಕೆ ಹೊಟ್ಟು ಬಿಡುವುದಿಲ್ಲ, ಕುಟ್ಟಲೇಬೇಕು. ಆದರೆ ಅದರ ಹುಗ್ಗಿಗೆ, ಮಾದಲಿಗೆ ಸಾಟಿಯಿರಲಿಲ್ಲ. ಈ ಗೋಧಿಯ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಸೀಮೆಯ ಹಿಂಗಾರಿಯಲ್ಲಿ ಮೂರು ಬಗೆಯ ಗೋಧಿಗಳಿವೆ. ಚಪಾತಿಯ ಗೋಧಿಗೆ 42 ವರ್ಣತಂತುಗಳು. ಬಿಜಗದಂಥ ಗಡುಸು ಕಾಳಿನ ಡ್ಯೂರಮ್ ಗೋಧಿಗೂ ಸದಕಕ್ಕೂ 28. ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮನುಷ್ಯ ಮೊದಲು ಬೆಳೆಸಿದ ಗೋಧಿಗಳಲ್ಲಿ ಸದಕದ ಕುಲವೂ ಒಂದು.

ಅದು ಇಲ್ಲಿ ಉಳಿದದ್ದಕ್ಕೆ ಕಾರಣವಿದೆ. ಗೋಧಿಯ ದೊಡ್ಡ ಶತ್ರು ಭಂಡಾರ ರೋಗ, ಅಂದರೆ ತುಕ್ಕುರೋಗ. ಬಯಲಿನ ಬೇಸಿಗೆಯ ಬಿಸಿಲಿಗೆ ಸಾಯುವ ಈ ಶಿಲೀಂಧ್ರ ತಂಪಾದ ಬೆಟ್ಟಗಳಲ್ಲಿ ಬದುಕುಳಿದು ಗಾಳಿಯೊಡನೆ ಮರಳುತ್ತದೆ ಎಂಬುದನ್ನು ಆಗ್ರಾದ ಪ್ರೊ. ಕೆ. ಸಿ. ಮೆಹ್ತಾ ತೋರಿಸಿಕೊಟ್ಟರು. ನೀಲಗಿರಿ, ಪಳನಿ ಬೆಟ್ಟಗಳಿಂದ ಉತ್ತರಕ್ಕೆ ಹೊರಟ ರೋಗಕ್ಕೆ ಕರ್ನಾಟಕವೇ ದಾರಿ. ಆ ದಾರಿಯಲ್ಲಿ ಭಂಡಾರವನ್ನು ತಾಳಿಕೊಂಡ ಬೆಳೆ ಸದಕ.

ಅದರ ದೋಷವೆಂದರೆ ಎತ್ತರ. ಗೊಬ್ಬರ, ನೀರು ಹೆಚ್ಚಾದರೆ ತೆನೆಯ ಭಾರಕ್ಕೆ ಬೆಳೆ ನೆಲಕ್ಕೆ ಮಲಗುತ್ತಿತ್ತು. ಜಪಾನಿನ ನೋರಿನ್ 10 ಎಂಬ ಕುಳ್ಳ ಗೋಧಿಯ ಗುಣವನ್ನು ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಹೊಸ ತಳಿಗಳಿಗೆ ತಂದರು. 1966ರಲ್ಲಿ ಭಾರತವು 18,000 ಟನ್ ಮೆಕ್ಸಿಕನ್ ಬೀಜ ತರಿಸಿತು. ಕಲ್ಯಾಣ ಸೋನಾ, ಸೋನಾಲಿಕಾ ತಳಿಗಳು ಮನೆಮಾತಾದವು. ಹಸಿವಿನ ದಿನಗಳನ್ನು ಕಂಡ ನನ್ನಂಥವರಿಗೆ ಅದು ಪವಾಡವೇ ಆಗಿತ್ತು. ತರಗತಿಯಲ್ಲಿ ಹಸಿರು ಕ್ರಾಂತಿಯ ಪಾಠ ಹೇಳಿ ಮನೆಗೆ ಬಂದವನು ಅಣ್ಣನಿಗೆ, “ಆ ಕುಟ್ಟೋ ಗೋಧಿ ಬಿಡಣ್ಣ, ಬಾವಿ ನೀರೈತಿ, ಹೊಸ ತಳಿ ಹಾಕು” ಎಂದೆ. ಅಣ್ಣ ಹಾಗೆಯೇ ಮಾಡಿದ. ಗಡಿಗೆಯಲ್ಲಿ ಉಳಿದ ಸದಕದ ಬೀಜ ಆ ವರ್ಷದ ಹುಗ್ಗಿಗೆ ಹೋಯಿತು. ಅವ್ವ ಏನೂ ಅನ್ನಲಿಲ್ಲ.

ಚೀಲಗಳು ಹೆಚ್ಚಿದ್ದು ನಿಜ. ಆದರೆ ಇಳುವರಿ ಮತ್ತು ಪ್ರೋಟೀನು ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಗಿಡಕ್ಕೆ ಸಿಗುವ ಸಾರಜನಕ ಇಷ್ಟೇ ಇರುವಾಗ ಕಾಳಿನಲ್ಲಿ ಪಿಷ್ಟ ಹೆಚ್ಚಾದಷ್ಟೂ ಪ್ರೋಟೀನಿನ ಪಾಲು ತೆಳುವಾಗುತ್ತದೆ. ಸದಕದಲ್ಲಿ ಅದು ಸಾಮಾನ್ಯವಾಗಿ ಶೇ. 12ರಿಂದ 15ರಷ್ಟು. ಚೀಲ ಎಣಿಸಿದ ನಾನು ಇದನ್ನು ಎಣಿಸಿರಲಿಲ್ಲ.

ಧಾರವಾಡದ ವಿಜ್ಞಾನಿಗಳು ನನಗಿಂತ ವಿವೇಕಿಗಳು. ಹಳೆಯದನ್ನು ಬಿಸಾಡದೆ ಅದರ ದೋಷವನ್ನಷ್ಟೇ ತಿದ್ದಿದರು. ಕುಳ್ಳ ಡ್ಯೂರಮ್ ಗೋಧಿಯೊಡನೆ ಸಂಕರ ಮಾಡಿ, ಕೃಷಿ ವಿಶ್ವವಿದ್ಯಾಲಯದಿಂದ 1990ರ ದಶಕದಲ್ಲಿ ಡಿಡಿಕೆ 1001, ಡಿಡಿಕೆ 1009 ಎಂಬ ಗಿಡ್ಡ ಸದಕಗಳನ್ನು ಹೊರತಂದರು. ಮುಂದೆ ಡಿಡಿಕೆ 1025, ಡಿಡಿಕೆ 1029 ಬಂದವು. ನೀರು ಕೊಟ್ಟರೂ ಬೆಳೆ ಸುಲಭಕ್ಕೆ ಮಲಗಲಿಲ್ಲ. ಕಾಳು ಸದಕದ್ದೇ ಆಗಿ ಉಳಿಯಿತು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. 1906ರಲ್ಲಿ ಆರೊನ್ ಆರೊನ್‌ಸೋನ್ ಎಂಬ ಸಸ್ಯಶಾಸ್ತ್ರಜ್ಞ ಪ್ಯಾಲೆಸ್ತೀನಿನ ಬೆಟ್ಟದಲ್ಲಿ ಈ ಕುಲದ ಕಾಡು ಪೂರ್ವಜನನ್ನು ಗುರುತಿಸಿದ್ದ. ಸರಿಯಾಗಿ ನೂರು ವರ್ಷಗಳ ಬಳಿಕ, 2006ರಲ್ಲಿ, ಕ್ಯಾಲಿಫೋರ್ನಿಯಾದ ಜಾರ್ಜ್ ಡುಬ್ಕೋವ್‌ಸ್ಕಿಯವರ ತಂಡ ಆ ಕಾಡು ಗೋಧಿಯ ಒಂದು ಜೀನಿನ ಗುಟ್ಟನ್ನು ಬಿಡಿಸಿತು. ಎಲೆ ಮಾಗುವಾಗ ಅದರ ಸಾರಜನಕ, ಸತು, ಕಬ್ಬಿಣಗಳನ್ನು ಕಾಳಿಗೆ ಸಾಗಿಸುವುದು ಆ ಜೀನಿನ ಕೆಲಸ. ಅದನ್ನೂ ಅದರ ಸಂಬಂಧಿ ಜೀನುಗಳನ್ನೂ ಅಡಗಿಸಿದಾಗ ಕಾಳಿನಲ್ಲಿ ಈ ಮೂರೂ ಸತ್ವಗಳು ಶೇ. 30ಕ್ಕೂ ಹೆಚ್ಚು ಕುಸಿದವು. ಇಂದಿನ ಬಹುಪಾಲು ಗೋಧಿಗಳಲ್ಲಿ ಆ ಜೀನು ಕೆಲಸ ಮಾಡುವುದಿಲ್ಲ. ಹೊಸ ತಳಿ ಕಟ್ಟುವವರು ಕಡೆಗೆ ಹಳೆಯದರ ಬಾಗಿಲಿಗೇ ಬರಬೇಕಾಯಿತು.

ಈಗ ತಿಕೋಟಾ, ಬಬಲೇಶ್ವರದ ಕಡೆಗೆ ಕೃಷ್ಣೆಯ ನೀರು ಬಂದಿದೆ; ದ್ರಾಕ್ಷಿಯ ಪಡಗಳು ಹಬ್ಬಿವೆ. ಅದಕ್ಕೆ ನನ್ನ ತಕರಾರಿಲ್ಲ. ಧಾರವಾಡದ ಬೀಜ ತಂದರೆ ಸದಕ ಮತ್ತೆ ಬೆಳೆದೀತು. ಆದರೆ ತಲೆಮಾರುಗಳಿಂದ ನಮ್ಮ ಯರಿ ಭೂಮಿಗೆ ಒಗ್ಗಿದ್ದ, ಅವ್ವನ ಗಡಿಗೆಯಲ್ಲಿದ್ದ ಆ ಬೀಜ ಯಾವ ಕೇಂದ್ರದಲ್ಲೂ ಸಿಗದು. ನಿಮ್ಮಲ್ಲಿ ಯಾರ ಮನೆಯ ಗಡಿಗೆಯಲ್ಲಾದರೂ ಹಳೆಯ ಸದಕ ಉಳಿದಿದ್ದರೆ, ಎಲ್ಲವನ್ನೂ ಹುಗ್ಗಿ ಮಾಡಬೇಡಿ. ಒಂದು ಹಿಡಿಯನ್ನು ಹಿಂಗಾರಿಗೆ ಬಿತ್ತಿರಿ. ಈ ಮುದುಕ ಮಾಸ್ತರನ ಕೊನೆಯ ಮನೆಪಾಠವೆಂದು ತಿಳಿಯಿರಿ.